ಹಗೇವಿನೊಳಗೆ ಉಳಿದಿದ್ದ ಬೆಳಕು

ನನ್ನ ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಅಷ್ಟು ಜನರ ಮುಂದೆ ನಿಂತು ಒಂಚೂರೂ ಹೆದರದೆ ಮಾತಾಡುತ್ತಿದ್ದಳು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು. ನಾಲ್ಕು ಜನರೆದುರು ನನ್ನ ಹೆಸರು ಹೇಳು ಎಂದರೂ ಹಿಂದೆ ಸರಿಯುತ್ತಿದ್ದೆ. ನನ್ನ ರಕ್ತದಲ್ಲಿ ಇಂಥ ಮಾತುಗಾತಿ ಹೇಗೆ ಹುಟ್ಟಿದಳೋ ಆ ಜಿನಸ್ವಾಮಿಗೇ ಗೊತ್ತು.

"ಬರ್ರಿ, ಮುಂದ ಬರ್ರಿ. ಎಲ್ಲಾ ಮುಟ್ಟಿ ನೋಡ್ರಿ. ಇದು ಕೂರಿಗಿ, ಬಿತ್ತಾಕ. ಇದು ಕುಂಟಿ, ಕಸ ತಗಿಯಾಕ. ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರು ನಮ್ಮಜ್ಜ. ಅವರೂ ಹಳೇ ಸಾಮಾನs. ಅವರನ್ನೂ ಮುಟ್ಟಿ ನೋಡ್ರಿ!"

ಜನ ನಗುತ್ತಿದ್ದರು. ಚಿಕ್ಕೋಡಿ, ರಾಯಬಾಗದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೂತು ಬಂದ ಶಾಲೆಯ ಮಕ್ಕಳು ಖರೇನೇ ಬಂದು ನನ್ನ ರುಮಾಲು ಮುಟ್ಟಿ ಓಡಿಹೋಗುತ್ತಿದ್ದವು. ನನಗೆ ಎದೆ ತುಂಬಿ ಬರುತ್ತಿತ್ತು. ಒಬ್ಬ ಮನುಷ್ಯನಿಗೆ ಇಷ್ಟು ಸುಖ ಸಿಗಬಾರದು ಅನ್ನಿಸುತ್ತಿತ್ತು, ಅದರಲ್ಲೂ ನನ್ನಂಥವನಿಗೆ. ಅವಳು ನಿಂತು ಮಾತಾಡುತ್ತಿದ್ದ ಅಂಗಳದ ಮೂಲೆಯಲ್ಲಿ, ಮಣ್ಣಿನ ಕೆಳಗೆ ಒಂದು ಹಾಸುಗಲ್ಲು ಇತ್ತು. ಆ ಕಲ್ಲಿನ ಕೆಳಗೆ ಏನಿದೆ ಎಂದು ಗೊತ್ತಿದ್ದವನು ನಾನೊಬ್ಬನೇ.

ಸತ್ತಿ ಎಂಬ ಊರಿನ ಹತ್ತಿರ, ಕೃಷ್ಣೆಯ ದಂಡೆಯ ದಿಬ್ಬದ ಮೇಲೆ ನಮ್ಮ ಹಳೆಯ ತೋಟದ ಮನೆ ಇತ್ತು. ಮಣ್ಣಿನ ಮಾಳಿಗೆ, ದನದ ಕೊಟ್ಟಿಗೆ, ಕಣ, ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುವ ಬಾವಿ. ಹೊಳೆಯಿಂದ ಪೈಪು ಬಂದು ಕಬ್ಬು ಬಂದಮೇಲೆ ಜೋಳ ಹಿಂದೆ ಸರಿಯಿತು. ನಾವು ರಸ್ತೆಯ ಬದಿಗೆ ಮನೆ ಕಟ್ಟಿಸಿಕೊಂಡು ಬಂದೆವು. ದಿಬ್ಬದ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿ ನೆಲದೊಳಗೆ ದೀಪ ಉರಿಯುತ್ತದೆ ಎಂದು ಜನ ಹೇಳುತ್ತಿದ್ದರು. ಕಬ್ಬು ಕಡಿಯುವವರು ಸಹ ಆ ಕಡೆ ಬುತ್ತಿ ಬಿಚ್ಚುತ್ತಿರಲಿಲ್ಲ.

ತೊಂಬತ್ತರ ದಶಕ ಶುರುವಾದಾಗ, ನೌಕರಿಯಿಂದ ನಿವೃತ್ತರಾದ ಮಾಸ್ತರರೊಬ್ಬರು ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಂದರು. ಆ ಹಾಳು ಮನೆಯನ್ನು ತಮಗೆ ಬಿಟ್ಟುಕೊಡಿ ಎಂದು ಕೇಳಿದರು.

"ಏನ್ ಮಾಡ್ತೀರಿ ಮಾಸ್ತರ? ಅಲ್ಲಿ ಹಾವ್ ಬಿಟ್ರ ಏನೂ ಇಲ್ಲ."

"ನಮ್ಮ ಹುಡುಗರಿಗೆ ಜ್ವಾಳದ ತೆನಿ ತೋರಿಸಿದ್ರ, ಇದು ಕಬ್ಬಿನ ಹೂವೇನ್ರಿ ಅಂತ ಕೇಳ್ತಾವ. ಹಿಂದಿನ ಒಕ್ಕಲುತನ ಹೆಂಗಿತ್ತು ಅಂತ ಅಲ್ಲಿ ಮಾಡಿ ತೋರ್ಸೂಣು. ಕಾಜಿನ ಪೆಟ್ಟಿಗ್ಯಾಗ ಸಾಮಾನ ಇಡೂದಲ್ಲ. ಎತ್ತು ಇರಬೇಕು, ಸಗಣಿ ಇರಬೇಕು, ಒಲಿ ಮ್ಯಾಲ ರೊಟ್ಟಿ ಇರಬೇಕು."

ನಾನು ಬೇಡ ಎನ್ನುವುದರೊಳಗೆ ನಮ್ಮ ವೈನಿ ಒಳಗಿನಿಂದಲೇ "ತಗೋರಿ ಮಾಸ್ತರ" ಎಂದುಬಿಟ್ಟರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ; ಮೈದುನನಾದ ನನ್ನನ್ನು ಅವರು ಭಾವುಜೀ ಎನ್ನುತ್ತಿದ್ದರು. ಶಿರಗುಪ್ಪಿಯ ಹೆಣ್ಣುಮಗಳು. ಮದುವೆಯಾದ ಎರಡನೇ ಮಳೆಗಾಲದಲ್ಲೇ ಬಿಳಿ ಸೀರೆ ಉಟ್ಟವರು. ನನ್ನ ಮಕ್ಕಳನ್ನು ಎತ್ತಿ ಆಡಿಸಿದವರು ಅವರೇ. ಮೊಮ್ಮಗಳು ನನಗಿಂತ ಅವರಿಗೇ ಹೆಚ್ಚು ಅಂಟಿಕೊಂಡಿದ್ದಳು. ಅವರನ್ನು ಆಯಿ ಎನ್ನುತ್ತಿದ್ದಳು. ಆದರೆ ಊರಿನಲ್ಲಿ ಯಾರೂ ತಮ್ಮ ಮನೆಯ ಬಸುರಿಯ ಹತ್ತಿರಕ್ಕೆ ವೈನಿಯನ್ನು ಬಿಡುತ್ತಿರಲಿಲ್ಲ. ಯಾರಾದರೂ ಹೊಸ ಎತ್ತು ತಂದರೆ ಇವರು ಎದುರಿಗೆ ಬರಬಾರದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ವಿಧವೆ ಎಂಬುದೊಂದೇ ಕಾರಣವಲ್ಲ. ಊರಲ್ಲಿ ವಿಧವೆಯರು ಬಹಳ ಜನ ಇದ್ದರು. ಇವರ ಕಾಲ್ಗುಣದಿಂದಲೇ ಗಂಡ ಸತ್ತ ಎಂಬ ಮಾತು ಇವರೊಬ್ಬರ ಮೇಲೆ ಮಾತ್ರ ಇತ್ತು.

ಮಾಸ್ತರರಿಗೆ ಬಿಟ್ಟುಕೊಟ್ಟ ತೋಟದ ಮನೆ ವರ್ಷದೊಳಗೆ ತುಂಬಿತು. ಸುತ್ತಲಿನ ಊರುಗಳಿಂದ ಜನ ಅಟ್ಟದ ಮೇಲಿನ ಸಾಮಾನು ತಂದುಕೊಟ್ಟರು. ಪಾಲಬಾವಿಯ ಮುದುಕರೊಬ್ಬರು ತಾಯಿಯ ಬೀಸುಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ನಮ್ಮ ಸೊಸೆ ಅದಕ್ಕೆ ಜೋಳ ಹಾಕಿ ಎರಡು ಸುತ್ತು ತಿರುವಿದಳು. ಗುರ್ರ್ ಎಂದು ಸದ್ದು ಬಂತು. ಆ ಮುದುಕರು ಹೊರಗೆ ಎದ್ದುಹೋಗಿ ಕೊಟ್ಟಿಗೆಯ ಗೋಡೆ ಹಿಡಿದು ನಿಂತರು.

"ಯಾಕ್ರಿ, ಏನಾತ್ರಿ?" ಎಂದೆ.

"ಒಳಗ ನಮ್ಮವ್ವ ಕುಂತಾಳ್ರಿ" ಎಂದರು.

ಆ ಮನೆ ಹಾಗೆಯೇ. ಬಳಸಲು ಕೈಗೆತ್ತಿಕೊಂಡ ಪ್ರತಿ ಸಾಮಾನಿನ ಹಿಂದೆ ಅದನ್ನು ಸವೆಸಿದವರೂ ಬಂದು ನಿಲ್ಲುತ್ತಿದ್ದರು. ಕೂರಿಗೆಯ ಹಿಡಿಯಲ್ಲಿ ಯಾರದೋ ಹೆಬ್ಬೆರಳಿನ ಗುಂಡಿ. ನೊಗದ ಮೇಲೆ ಯಾರದೋ ಎತ್ತಿನ ಹೆಗಲು. ಹಗಲು ಹೊತ್ತಿನಲ್ಲೇ, ಬಿಸಿಲು ಬಿದ್ದಿರುವಾಗಲೇ, ನನಗೆ ಅಣ್ಣ ಕಣದ ಆಚೆ ನಿಂತಂತೆ ಕಾಣುತ್ತಿತ್ತು. ಮಾತಾಡುತ್ತಿರಲಿಲ್ಲ. ಕೆಲಸ ಮುಗಿಯಲಿ ಎಂದು ಕಾಯುವವನ ಹಾಗೆ ನಿಂತಿರುತ್ತಿದ್ದ.

ಒಂದು ದಿನ ಮಾಸ್ತರರು ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ, ಎಲ್ಲ ಆಯಿತು, ಒಂದು ಹಗೇವು ಮಾತ್ರ ಇಲ್ಲ ಎಂದರು. ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಹೊಟ್ಟೆಯ ಹಾಗೆ ಅಗಲ. ಸುತ್ತ ಜೋಳದ ದಂಟು ಹೊದಿಸಿ, ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

"ಹೊಸಾದು ಅಗಸೂಣ್ರಿ" ಎಂದೆ ನಾನು, ಬೇಗ ಬೇಗ.

"ಹೊಸಾದ್ ಯಾಕ?" ಎಂದರು ವೈನಿ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟರು. "ಇಲ್ಲೇ ಐತಿ. ಆ ಮೂಲ್ಯಾಗ. ತಗೀಸ್ರಿ ಮಾಸ್ತರ. ನನ್ನ ಗಂಡನ್ನ ನುಂಗಿದ್ದು ಏನಂತ ನಾನೂ ಒಮ್ಮೆ ಕಣ್ಣಿಲೆ ನೋಡಬೇಕು."

ಮಾಸ್ತರರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಈಗ ಆ ದಿನದ್ದು ಹೇಳಬೇಕು. ನನಗಾಗ ಹತ್ತೊಂಬತ್ತು. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಶ್ರಾವಣದ ಒಂದು ಮಧ್ಯಾಹ್ನ, ಮಳೆ ನಿಂತು ಹೊಳವಾದಾಗ, ವೈನಿಯ ತವರಿನವರು ಹೇಳದೆ ಕೇಳದೆ ಬಂದಿಳಿದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮನೆಯಲ್ಲಿ ಹಿಟ್ಟು ಮುಗಿದಿತ್ತು, ಜೋಳವೂ ಮುಗಿದಿತ್ತು. ಹಗೇವು ತೆಗೆದು, ಜೋಳ ಎತ್ತಿ, ಬೀಸಿ, ರೊಟ್ಟಿ ಬಡಿದು ಬೀಗರಿಗೆ ಸೂರ್ಯ ಮುಳುಗುವುದರೊಳಗೆ ಉಣಬಡಿಸಬೇಕು. ಉಪವಾಸ ಕಳಿಸಿದರೆ ಮರ್ಯಾದೆಯ ಮಾತು.

ಬಾಯಿ ತೆರೆದ ಹಗೇವನ್ನು ಒಂದು ದಿನ ಹಾಗೆಯೇ ಬಿಡಬೇಕು ಎಂದು ಅಪ್ಪ ಹೇಳುತ್ತಿದ್ದ. ಆಮೇಲೆ ದೀಪ ಇಳಿಸಿ ನೋಡಿ ಇಳಿಯಬೇಕು. ಯಾಕೆ ಎಂದು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಅಪ್ಪ ಮಾಡುತ್ತಿದ್ದ, ನಾವು ನೋಡುತ್ತಿದ್ದೆವು, ಅಷ್ಟೇ.

ಅಣ್ಣ ಕಲ್ಲು ಸರಿಸಿ, "ಹೋಗಲೇ, ಕಂದೀಲ ತಗೊಂಡ್ ಬಾ" ಎಂದ. ನಾನು ಮನೆಗೆ ಓಡಿದೆ. ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ಗೂಟಕ್ಕೆ ಬ್ಯಾಟರಿ ತೂಗುತ್ತಿತ್ತು. ನಿಪ್ಪಾಣಿಯ ಪೇಟೆಯಿಂದ ನಾನೇ ತಂದ, ಒತ್ತಿದರೆ ಹತ್ತುವ ಬ್ಯಾಟರಿ. ಊರಲ್ಲಿ ಅಂಥದ್ದು ನಮ್ಮ ಮನೆಯಲ್ಲಿ ಮಾತ್ರ ಇತ್ತು. ಅದನ್ನೇ ತಂದೆ.

"ಕಂದೀಲ ಎಲ್ಲೆಲೇ?"

"ಆ ಮಿಣಕ್ ದೀಪ ಯಾಕಣ್ಣಾ? ಇದರಾಗ ತಳದಾಗಿನ ಕಾಳ ಎಣಿಸಬಹುದು, ನೋಡು."

ಹಗ್ಗಕ್ಕೆ ಕಟ್ಟಿ ಇಳಿಸಿದೆ. ಒಳಗೆ ಹಗಲಾಯಿತು. ಅರ್ಧ ಖಾಲಿಯಾಗಿದ್ದ ಹಗೇವಿನ ತಳದಲ್ಲಿ ಜೋಳ ಮುತ್ತಿನ ಹಾಗೆ ಹೊಳೆಯಿತು. ಅಣ್ಣ ಬಗ್ಗಿ ನೋಡಿ ನಕ್ಕ. "ಶಾಣ್ಯಾ ಅದಿಯಲೇ ನೀ" ಎಂದು ನನ್ನ ತಲೆಗೆ ಮೊಟಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಒಂದು ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಕಾಯುತ್ತ ನಿಂತೆ. ಕೂಗಿದೆ. ಮತ್ತೆ ಕೂಗಿದೆ.

ಪಕ್ಕದ ಹೊಲದ ಇಬ್ಬರು ಆಳುಗಳು ಓಡಿಬಂದರು. ಮೂವರೂ ಕೂಡಿ ಎಳೆದೆವು. ಅಣ್ಣ ಮೇಲೆ ಬಂದ, ಉಸಿರು ಬರಲಿಲ್ಲ. ಜನ ಕೂಡುವ ಹೊತ್ತಿಗೆ ನೆರೆಯ ತೋಟದ ಮುದುಕನೊಬ್ಬ ಬಂದು ನನ್ನ ತೋಳು ಹಿಡಿದು ಕೇಳಿದ.

"ದೀಪ ಇಳಿಸಿದ್ಯೇನ?"

"ಇಳಿಸಿದ್ನಿ."

"ಆರಿತ್ತೇನ?"

"ಇಲ್ರಿ. ಉರೀತಿತ್ತು."

"ಹೆಂಗ ಸಾಧ್ಯಪಾ? ಕೆಟ್ಟ ಗಾಳಿ ಇದ್ರ ದೀಪ ಆರತೈತಿ. ಅದನ್ನ ನೋಡಾಕs ದೀಪ ಇಳಸೂದು, ಕಾಳ ನೋಡಾಕಲ್ಲ."

ಆಗ ನನಗೆ ತಿಳಿಯಿತು, ಗಾಳಿ ಕೆಟ್ಟರೂ ಬ್ಯಾಟರಿ ಆರುವುದಿಲ್ಲ. ಬ್ಯಾಟರಿಯ ಹಗ್ಗ ಇನ್ನೂ ನನ್ನ ಎಡಗೈಗೆ ಸುತ್ತಿತ್ತು. ಯಾರೂ ನೋಡದ ಹಾಗೆ ಬಿಚ್ಚಿ ಒಳಗೆ ಬಿಟ್ಟೆ. ಆಮೇಲೆ ಹಾಸುಗಲ್ಲು ಎಳೆದು ಮುಚ್ಚಿದೆ. ಕಲ್ಲು ಸರಿಯುವಾಗ ಸಂದಿನಲ್ಲಿ ಬೆಳಕು ಕಂಡಿತು. ಅದು ಉರಿಯುತ್ತಲೇ ಇತ್ತು.

ಆಳುಗಳಿಬ್ಬರೂ ಅದನ್ನು ನೋಡಿದ್ದರು. ಒಳಗೆ ತಾನಾಗಿ ಬೆಳಕಿತ್ತು ಎಂದು ಊರೆಲ್ಲ ಹೇಳಿದರು. ದೀಪ ಉರಿಯುತ್ತಿದ್ದರೂ ಮನುಷ್ಯ ಸತ್ತ ಎಂದಮೇಲೆ, ಅದು ಗಾಳಿಯ ತಪ್ಪಲ್ಲ, ದೀಪದ ತಪ್ಪಲ್ಲ. ಮತ್ತೆ ಯಾರದು? ಹೊಸದಾಗಿ ಮನೆ ಸೇರಿದವಳದು, ಅವಳ ತವರಿನವರು ಬಂದ ದಿನವೇ ಆಯಿತಲ್ಲ. ಈ ಮಾತನ್ನು ಮೊದಲು ಆಡಿದವಳು ನನ್ನ ಹೆತ್ತ ತಾಯಿ. ನಾನು ಅಲ್ಲೇ ಕೂತಿದ್ದೆ. ಬಾಯಿ ತೆರೆಯಲಿಲ್ಲ.

ಆ ಬ್ಯಾಟರಿಯ ಸೆಲ್ಲು ಎಷ್ಟು ದಿನ ಬಂದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಇವತ್ತು ಆರಿರಬೇಕು, ನಾಳೆ ಆರಿರಬೇಕು. ವರ್ಷಗಳು ಕಳೆದರೂ ನನ್ನ ಮಟ್ಟಿಗೆ ಅದು ಆರಲಿಲ್ಲ. ಕಬ್ಬಿಗೆ ನೀರು ಹಾಯಿಸುವಾಗ, ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ, ಕಣ್ಣು ಮುಚ್ಚಿದರೆ ಸಾಕು, ನೆಲದೊಳಗೆ ಜೋಳದ ಮೇಲೆ ಬಿದ್ದ ಆ ಬಿಳಿ ಬೆಳಕು.

ವೈನಿ ಹಗೇವು ತೆಗೆಸಿ ಎಂದ ಮೇಲೆ ನಾನು ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಕಲ್ಲು ಎತ್ತಿದರೆ ಬ್ಯಾಟರಿ ಸಿಗುತ್ತದೆ. ಅದನ್ನು ನೋಡಿ ವೈನಿಗೆ ತಿಳಿಯುವುದಕ್ಕಿಂತ ನನ್ನ ಬಾಯಿಂದ ತಿಳಿಯಲಿ ಎಂದುಕೊಂಡೆ. ದಿಬ್ಬದ ಮನೆಯ ಪಡಸಾಲೆಯಲ್ಲಿ ಅವರು ಒಬ್ಬರೇ ನೆಲ ಸಾರಿಸುತ್ತಿದ್ದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ, ಹಗ್ಗ ಬಿಟ್ಟದ್ದನ್ನೂ.

ಅವರ ಕೈ ನಿಂತಿತು. ಸಗಣಿಯ ನೀರು ಬೆರಳಿನಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಕೇಳಿದರು.

"ಇಳಿಯಾಗ ಅವರು ನಕ್ಕರೇನ್ರಿ?"

"ಹೌದ್ರಿ ವೈನಿ. ನಕ್ಕ."

"ಅದನ್ನರ ನನಗ ಹೇಳಬೇಕಿತ್ತಲ್ರಿ ಭಾವುಜೀ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ನಮ್ಮಲ್ಲಿ ಭಾದ್ರಪದದ ಪರ್ವ ಮುಗಿದ ಮರುದಿನ ಒಬ್ಬರಿಗೊಬ್ಬರು ಕೈ ಮುಗಿದು ಉತ್ತಮ ಕ್ಷಮಾ ಎನ್ನುತ್ತೇವೆ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುವ ದಿನ. ವೈನಿಗೆ ಅದು ನೆನಪಾಗಿರಬೇಕು.

"ವರ್ಷಾ ವರ್ಷಾ ನನ್ನ ಮುಂದ ನಿಂತು ಉತ್ತಮ ಕ್ಷಮಾ ಅಂತಿದ್ರಿ. ಕಣ್ಣಾಗ ನೀರ ತರ್ತಿದ್ರಿ. ಭಾವುಜಿದು ಭಾಳ ಮೆತ್ತನ್ನ ಮನಸು ಅಂತಿದ್ನಿ. ಇದಕ್ಕ ಏನ್ರಿ ಅದು?"

"ಇದಕ್ಕs ರಿ."

"ಹಂಗಾರ ಕೊಟ್ಟಾತು. ಒಂದಲ್ಲ, ಮೂವತ್ತ ಸಲ ಕೊಟ್ಟೀನಿ. ಕೊಟ್ಟಿದ್ದನ್ನ ಹೊಳ್ಳಿ ತಗೊಳ್ಳಾಕ ಬರೂದಿಲ್ಲ." ಅವರು ಮತ್ತೆ ನೆಲಕ್ಕೆ ಕೈ ಹಚ್ಚಿದರು. ಎರಡು ಸಲ ಕೈ ಆಡಿಸಿ ನಿಲ್ಲಿಸಿದರು. "ಆದ್ರ ಮಂದಿ ನನಗ ಕೆಟ್ಟ ಹೆಸರ ಕೊಟ್ಟಾರಲ್ಲ, ಅದನ್ನ ಯಾರ ಹೊಳ್ಳಿ ತಗೋತಾರ? ನನಗ ಹೇಳಿದ್ರ ಆಗಲಿಲ್ಲ. ಅವರಿಗೆ ಹೇಳ್ರಿ. ಅಲ್ಲೇ, ಆ ಕಲ್ಲಿನ ಮ್ಯಾಲ ನಿಂತು."

ಕಲ್ಲು ಎತ್ತಿದ ದಿನ ಊರು ಕೂಡಿತ್ತು. ದೆವ್ವ ನೋಡಲು ಬಂದವರೇ ಹೆಚ್ಚು. ಮಾಸ್ತರರು ಎಣ್ಣೆ ತುಂಬಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ಎರಡು ಆಳೆತ್ತರ ಇಳಿದಿರಲಿಕ್ಕಿಲ್ಲ, ದೀಪ ನೀಲಿಯಾಯಿತು, ಸಣ್ಣಗಾಯಿತು, ಯಾರೋ ಬೆರಳಲ್ಲಿ ಹೊಸಕಿದ ಹಾಗೆ ಆರಿತು. ಹೆಂಗಸರು ಬಾಯಿಗೆ ಸೆರಗು ಹಚ್ಚಿದರು.

ಆಗ ನಾನು ಮುಂದೆ ಬಂದು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ನಡುವೆ ಮಾತು ನಿಂತುಹೋಯಿತು. ಮೊಮ್ಮಗಳು ಗುಂಪಿನಲ್ಲಿ ನಿಂತು, ಬಾಯಿಪಾಠ ಮರೆತವರಿಗೆ ಶಾಲೆಯಲ್ಲಿ ಕಣ್ಸನ್ನೆ ಮಾಡುವ ಹಾಗೆ, ಮುಂದೆ ಹೇಳು ಎಂದು ನನಗೆ ಸನ್ನೆ ಮಾಡುತ್ತಿದ್ದಳು. ಬ್ಯಾಟರಿ ಎಂಬ ಮಾತು ಬಂದಾಗ ಗುಂಪಿನಿಂದ ಮುದುಕಿಯೊಬ್ಬಳು ಕೂಗಿದಳು. ವೈನಿಯ ಎದುರಿಗೆ ಬಾಗಿಲು ಹಾಕಿಕೊಳ್ಳುವುದರಲ್ಲಿ ಅವಳದೇ ಮೊದಲ ಕೈ.

"ಅಯ್ಯ ಮೂಳಾ! ಮೂವತ್ತ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ? ನಮ್ಮ ಬಾಯಿಲೆ ಎಷ್ಟ ಪಾಪ ಆಡಿಸಿದ್ಯೋ!"

"ನಿನ್ನ ಬಾಯಿ ಅವರು ಹಿಡಿದಿದ್ರೇನಬೇ?" ಎಂದರು ವೈನಿ, ಸುಮ್ಮನೆ, ದನಿ ಏರಿಸದೆ.

ನಾಲ್ಕನೆಯ ದಿನ ದೀಪ ತಳದವರೆಗೆ ಉರಿಯಿತು. ಕೆಲಸದವನೊಬ್ಬ ಇಳಿದು, ಕಪ್ಪಗೆ ಹೆಂಟೆಯಾಗಿದ್ದ ಜೋಳದ ನಡುವಿನಿಂದ ತುಕ್ಕು ಹಿಡಿದ ಬ್ಯಾಟರಿ ತಂದ. ನಾನು ಮುಟ್ಟಲಿಲ್ಲ. ವೈನಿ ಅದನ್ನು ಸೆರಗಿನಿಂದ ಒರೆಸಿ, ಗುಂಡಿ ಒತ್ತಿ ನೋಡಿದರು. ಮೂವತ್ತು ವರ್ಷದ ಮೇಲೆ ಅದು ಹತ್ತುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ಒತ್ತಿದರು.

ಮುಂದಿನ ಸುಗ್ಗಿಯಲ್ಲಿ ಹಗೇವನ್ನು ಕೆತ್ತಿ ಹಸನು ಮಾಡಿ, ಹೊಸ ದಂಟು ಹೊದಿಸಿ, ಅರ್ಧದವರೆಗೆ ಹೊಸ ಜೋಳ ತುಂಬಿ ಮುಚ್ಚಿದೆವು. ಶ್ರಾವಣದಲ್ಲಿ ತೆಗೆದು ತೋರಿಸುವುದೆಂದು ಮಾತಾಯಿತು. ಹೇಗೆ ತೋರಿಸಬೇಕೆಂದು ಹೇಳಿದವರು ವೈನಿಯೇ: ಎರಡು ಹಗ್ಗ, ಒಂದಕ್ಕೆ ಕಂದೀಲು, ಒಂದಕ್ಕೆ ಬ್ಯಾಟರಿ, ಎರಡನ್ನೂ ಕೂಡಿಯೇ ಇಳಿಸಬೇಕು. ಶ್ರಾವಣ ಬಂದಾಗ ಮೊಮ್ಮಗಳು ಇಳಿಸಿದಳು. ಕಂದೀಲು ಆರಿತು. ಹೊಸ ಬ್ಯಾಟರಿ ಥಳಥಳ ಉರಿಯುತ್ತಲೇ ಇತ್ತು. ಬಂದ ಮಕ್ಕಳೆಲ್ಲ ಕತ್ತು ಚಾಚಿ ನೋಡಿದವು.

ಅವತ್ತು ದೊಡ್ಡ ಸಾಹೇಬರೊಬ್ಬರು ಜೀಪಿನಲ್ಲಿ ಬಂದಿದ್ದರು. ಅವರಿಗೆ ಅವಸರ.

"ಇನ್ನೊಮ್ಮೆ ಹಚ್ಚಿ ಇಳಿಸ್ರಿ. ಜ್ವಾಳ ತಗಿಯೂದು ನೋಡಿ ಹೋಗ್ತೀನಿ."

"ನಾಳೆ ಬರ್ರಿ ಸಾಹೇಬರ" ಎಂದರು ವೈನಿ. "ಹಗೇವ ಯಾರ ಜೀಪಿಗೂ ಅಂಜೂದಿಲ್ಲ."

ಸಾಹೇಬರು ನಕ್ಕು ಹೋದರು. ಮರುದಿನ ಬರಲಿಲ್ಲ. ಮಕ್ಕಳು ಬಂದವು. ಮರುದಿನವೂ ದೀಪ ನಡುವಿನಲ್ಲೇ ಆರಿತು, ಮೂರನೆಯ ದಿನ ಉರಿಯಿತು. ಒಂದು ತಾಸು ಹಾಗೆಯೇ ಬಿಟ್ಟು ನೋಡಿದೆವು, ಉರಿಯುತ್ತಲೇ ಇತ್ತು. ಯಾರು ಇಳಿಯಬೇಕು ಎಂದು ಮಾಸ್ತರರು ಕೇಳುವುದರೊಳಗೆ ನಾನು ರುಮಾಲು ಬಿಚ್ಚಿಟ್ಟಿದ್ದೆ. ಮಗ ಬೇಡವೆಂದ. ಸೊಸೆ ಬೇಡವೆಂದಳು. ವೈನಿ ಮಾತ್ರ ಹಗ್ಗ ತಂದರು. ಹಗ್ಗವನ್ನು ನನ್ನ ಸೊಂಟಕ್ಕೆ ತಾವೇ ಕಟ್ಟಿ, ಗಂಟನ್ನು ಎರಡು ಸಲ ಜಗ್ಗಿ ನೋಡಿದರು. ಇನ್ನೊಂದು ತುದಿಯನ್ನು ಮಗನ ಕೈಗೆ ಕೊಟ್ಟು, ಅವನ ಮುಂದೆ ತಾವೂ ಹಿಡಿದು ನಿಂತರು.

"ಇಳೀರಿ ಭಾವುಜೀ. ಆದ್ರ ಸುಮ್ನಾಗಬಾರದು. ಮಾತಾಡ್ಕೋತs ಇರಬೇಕು. ನಿಮ್ಮ ದನಿ ನಿಂತ್ರ ನಾ ಎಳೀತೀನಿ."

ಒಳಗೆ ತಂಪು. ಹೊಸ ಜೋಳದ ವಾಸನೆ. ಕಾಲು ಕಾಳಿನಲ್ಲಿ ಮೊಣಕಾಲಿನವರೆಗೆ ಹೂತಿತು. ಕಂದೀಲು ಪಕ್ಕದಲ್ಲಿ ಉರಿಯುತ್ತಿತ್ತು, ಗೋಡೆಯ ಮೇಲೆ ನನ್ನ ನೆರಳಿತ್ತು. ಅದು ಅಣ್ಣನದೇ ಅನ್ನಿಸಿತು. ಇಬ್ಬರದೂ ಒಂದೇ ಹೆಗಲು.

"ಮಾತಾಡ್ರಿ!"

ಏನು ಮಾತಾಡಲಿ? ಬಾಯಿಗೆ ಬಂದದ್ದು ಮೊಮ್ಮಗಳು. ಅವಳು ತೇರ್ಗಡೆಯಾದದ್ದು, ದಿಬ್ಬದ ಮನೆಯ ಬೋರ್ಡಿನ ಮೇಲಿನ ಅಕ್ಷರ ಅವಳೇ ಬರೆದದ್ದು, ನನಗೆ ಸಹಿ ಮಾಡಲು ಕಲಿಸಿ, ತಪ್ಪಾದರೆ ಅಡಿಪಟ್ಟಿಯಿಂದ ಹೊಡೆದದ್ದು. ಬುಟ್ಟಿ ತುಂಬುತ್ತ ಹೇಳುತ್ತಲೇ ಹೋದೆ. ಒಂದು ಬುಟ್ಟಿ ಮೇಲೆ ಹೋಯಿತು. ಎರಡನೆಯದು ತುಂಬಿದೆ. ಸಹಿ ಮಾಡಲು ಕಲಿಸಿದ್ದನ್ನು ಮತ್ತೆ ಹೇಳತೊಡಗಿದೆ.

"ಅದನ್ನ ಆಗಲೇ ಹೇಳಿದ್ರಿ" ಎಂದು ಮೇಲಿನಿಂದ ವೈನಿಯ ದನಿ ಬಂತು. "ಬ್ಯಾರೆ ಹೇಳ್ರಿ. ನಿಮ್ಮಣ್ಣಂದು ಹೇಳ್ರಿ. ಸಣ್ಣಾವರಿದ್ದಾಗ ಏನೇನ ಮಾಡ್ತಿದ್ರು, ನನಗೇನೂ ಗೊತ್ತಿಲ್ಲ. ಹೇಳ್ರಿ, ಬುಟ್ಟಿ ಬರಲಿ."

ನಾನು ಎರಡನೆಯ ಬುಟ್ಟಿಗೆ ಹಗ್ಗ ಕಟ್ಟಿದೆ. ಹೊಳೆಯಲ್ಲಿ ಅಣ್ಣ ನನಗೆ ಈಜು ಕಲಿಸಿದ ದಿನದಿಂದ ಶುರುಮಾಡಿದೆ.